ಮಿಶನರಿಗಳು ಮತ್ತು ಮೀಸಲು ಪ್ರದೇಶದ ಮಕ್ಕಳು

ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಜ್ ಎಂಬಲ್ಲಿ ಓಗ್ಲಾಲಾ ಲಕೋಟಾ ಜನಾಂಗದ ಆಡಳಿತ ಮಂಡಳಿಯು 2022ರ ಜುಲೈಯಲ್ಲಿ ಒಂದು ಅಸಾಮಾನ್ಯ ನಿರ್ಣಯ ಕೈಗೊಂಡಿತು. ತಮ್ಮ ಪರಂಪರಾಗತ ದೈವಭಾವನೆಯನ್ನು ನಿಂದಿಸುವ ಕರಪತ್ರ ಹಂಚಿದ ಕ್ರೈಸ್ತ ಪ್ರಚಾರಕನೊಬ್ಬನನ್ನು ಅದು ಪ್ರದೇಶದಿಂದ ಹೊರಹೋಗುವಂತೆ ಆಜ್ಞಾಪಿಸಿತು. ಅಷ್ಟಕ್ಕೇ ನಿಲ್ಲದೆ, ಮಿಶನರಿ ಚಟುವಟಿಕೆಗಳನ್ನೆಲ್ಲ ತಾತ್ಕಾಲಿಕವಾಗಿ ತಡೆಹಿಡಿದು, ಅಲ್ಲಿ ಕೆಲಸ ಮಾಡಬಯಸುವ ಸಂಸ್ಥೆಗಳು ಹೊಸದಾಗಿ ನೋಂದಣಿ ಮಾಡಿಸಿಕೊಳ್ಳಬೇಕೆಂದು ವಿಧಿಸಿತು. ಒಂದು ಕರಪತ್ರಕ್ಕೆ ಇಷ್ಟು ದೊಡ್ಡ ಕ್ರಮವೇ ಎಂದು ಕೆಲವರಿಗೆ ತೋರಬಹುದು. ಹಿಂದಿನ ಕಥೆಯನ್ನರಿತವರಿಗೆ ಹಾಗೆ ತೋರದು.

ಇಲ್ಲಿ ಒಂದು ಶಬ್ದದ ವಿವರಣೆ ಅಗತ್ಯ. ರಿಸರ್ವೇಶನ್ ಎಂದೊಡನೆ ನಮಗೆ ನೆನಪಾಗುವುದು ಶಿಕ್ಷಣ, ಉದ್ಯೋಗಗಳಲ್ಲಿನ ಮೀಸಲಾತಿ. ಅಮೆರಿಕದಲ್ಲಿ ಅದರ ಅರ್ಥವೇ ಬೇರೆ. ಕೆಲವೆಡೆ ಒಪ್ಪಂದದಿಂದ, ಕೆಲವೆಡೆ ಸೈನ್ಯಬಲದಿಂದ ಮೂಲನಿವಾಸಿಗಳಿಗೆಂದು ಗಡಿ ಹಾಕಿಟ್ಟ ಭೂಪ್ರದೇಶವದು. ಒಂದು ಕಾಲಕ್ಕೆ ವಿಶಾಲ ಬಯಲಿನಲ್ಲೆಲ್ಲ ಸಂಚರಿಸುತ್ತಿದ್ದ ಜನ ಅದರೊಳಗೆ ಉಳಿಯಬೇಕಾಯಿತು. ಇಂದು ಅವರಿಗೆ ತಮ್ಮದೇ ಚುನಾಯಿತ ಮಂಡಳಿ, ನ್ಯಾಯಾಲಯ, ಪೋಲೀಸು ವ್ಯವಸ್ಥೆ ಇದೆ. ಜತೆಗೆ ಕಡು ಬಡತನವೂ ಇದೆ. ಆ ಬಡತನವನ್ನು ಕಂಡೇ ಹೊರಗಿನ ಇಗರ್ಜಿಗಳ ಯುವಜನ ತಂಡಗಳು ಪ್ರತಿ ಬೇಸಗೆಯಲ್ಲೂ ಅಲ್ಲಿಗೆ ಹೋಗುತ್ತವೆ. ಮನೆಗಳಿಗೆ ಬಣ್ಣ ಬಳಿಯುತ್ತವೆ, ಮಕ್ಕಳಿಗೆ ಆಟ, ಹಾಡು, ಬೈಬಲ್ ಕಥೆಗಳ ಶಿಬಿರ ನಡೆಸುತ್ತವೆ.

ಈ ತಂಡಗಳನ್ನು ಹಿರಿಯರು ಸಂಶಯದಿಂದ ನೋಡುವುದೇಕೆ? 1869ರಿಂದ ಅಧ್ಯಕ್ಷ ಗ್ರಾಂಟ್ ಅನುಸರಿಸಿದ ನೀತಿಯಲ್ಲಿ ಮೀಸಲು ಪ್ರದೇಶಗಳ ಮೇಲ್ವಿಚಾರಣೆಯನ್ನೇ ವಿವಿಧ ಕ್ರೈಸ್ತ ಪಂಗಡಗಳಿಗೆ ಹಂಚಿಕೊಡಲಾಯಿತು. ಯಾವ ಜನಾಂಗಕ್ಕೆ ಯಾವ ಪಂಗಡ ಎಂಬುದನ್ನು ಆ ಜನರನ್ನು ಕೇಳಿ ನಿರ್ಧರಿಸಲಿಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ ಸೈನ್ಯಾಧಿಕಾರಿ ರಿಚರ್ಡ್ ಪ್ರಾಟ್ ಸರಕಾರಿ ವಸತಿ ಶಾಲೆಯನ್ನು ತೆರೆದ. ಮಗುವಿನೊಳಗಿನ ಇಂಡಿಯನ್‌ನನ್ನು ಇಲ್ಲವಾಗಿಸಿದರೆ ಮನುಷ್ಯ ಉಳಿಯುತ್ತಾನೆ ಎಂಬುದು ಆತನ ಸಿದ್ಧಾಂತ. ಆ ಮಾದರಿಯ ಶಾಲೆಗಳಲ್ಲಿ ಮಕ್ಕಳ ಉದ್ದ ಕೂದಲನ್ನು ಕತ್ತರಿಸಿದರು, ಹೆಸರು ಬದಲಿಸಿದರು, ಮನೆಮಾತನ್ನಾಡಿದರೆ ಶಿಕ್ಷಿಸಿದರು.

ಈ ಅಧ್ಯಾಯದ ಲೆಕ್ಕ ಹೊರಬರಲು 21ನೆಯ ಶತಮಾನವೇ ಬರಬೇಕಾಯಿತು. ಸ್ವತಃ ಮೂಲನಿವಾಸಿ ಮಹಿಳೆಯಾದ ಡೆಬ್ ಹಾಲಂಡ್ ಅವರು ಅಮೆರಿಕದ ಒಳಾಡಳಿತ ಇಲಾಖೆಯ ಕಾರ್ಯದರ್ಶಿಯಾಗಿದ್ದಾಗ 2021ರಲ್ಲಿ ತನಿಖೆಗೆ ಆದೇಶವಿತ್ತರು. 2024ರ ಜುಲೈಯಲ್ಲಿ ಹೊರಬಿದ್ದ ಎರಡನೆಯ ವರದಿಯಂತೆ ಅಂಥ ಶಾಲೆಗಳ ಸಂಖ್ಯೆ 417. ಅವುಗಳಲ್ಲಿ ಸತ್ತುದಾಗಿ ಖಚಿತಪಟ್ಟ ಮಕ್ಕಳ ಸಂಖ್ಯೆ ಕನಿಷ್ಠ 973. ಈ ಶಾಲೆಗಳಲ್ಲಿ ಅನೇಕವನ್ನು ಸರಕಾರದ ಹಣದಿಂದ ನಡೆಸಿದವು ಧಾರ್ಮಿಕ ಸಂಸ್ಥೆಗಳೇ. 2024ರ ಜೂನ್‌ನಲ್ಲಿ ಅಮೆರಿಕದ ಕೆಥೋಲಿಕ್ ಬಿಷಪರು ಕ್ಷಮೆ ಕೋರಿದರು. ಅದೇ ವರ್ಷ ಅಕ್ಟೋಬರ್ 25ರಂದು ಅಂದಿನ ಅಧ್ಯಕ್ಷ ಬೈಡನ್ ಅರಿಜೋನಾದ ಗಿಲಾ ರಿವರ್ ಪ್ರದೇಶಕ್ಕೆ ಹೋಗಿ ದೇಶದ ಪರವಾಗಿ ಕ್ಷಮೆ ಯಾಚಿಸಿದರು.

ಹೀಗಿರುವಾಗ, ಬೈಬಲ್ ಹಿಡಿದು ಬರುವ ಅಪರಿಚಿತ ಯುವಕನೊಬ್ಬ ಮಗುವಿಗೆ ಮಿಠಾಯಿ ಕೊಟ್ಟರೆ ಅಜ್ಜಿಯ ಮನಸ್ಸಿನಲ್ಲಿ ಏಳುವ ಭಯವನ್ನು ಅಜ್ಞಾನವೆಂದು ತಳ್ಳಿಹಾಕಲು ಬರುವುದಿಲ್ಲ. ಆ ಯುವಕ ಸಜ್ಜನನೇ ಇರಬಹುದು. ಆದರೆ ಅವನಿಗಿಂತ ಮೊದಲು ಬಂದವರ ಸಾಲವನ್ನು ಅವನೂ ಹೊರಬೇಕಾಗಿದೆ.

ಒಂದು ವಾರದ ಶಿಬಿರದ ದೊಡ್ಡ ದೋಷ ಇನ್ನೊಂದಿದೆ. ತಂದೆಯೋ ತಾಯಿಯೋ ದೂರವಾಗಿ, ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆಯುವ ಮಗುವಿಗೆ ಸೋಮವಾರ ಹೊಸ ಅಣ್ಣನೊಬ್ಬ ದೊರಕುತ್ತಾನೆ, ಶನಿವಾರ ಹೊರಟುಹೋಗುತ್ತಾನೆ. ಮುಂದಿನ ಬೇಸಗೆಗೆ ಬರುವವನು ಬೇರೆಯೇ ವ್ಯಕ್ತಿ. ಇದು ನಾಲ್ಕಾರು ಬಾರಿ ನಡೆದರೆ, ಹತ್ತಿರ ಬರುವವರೆಲ್ಲ ಬಿಟ್ಟು ಹೋಗುವವರೇ ಎಂದು ಮಗು ಕಲಿತುಬಿಡುತ್ತದೆ. ಸೇವೆಯ ಸಂತೋಷ ತಂಡಕ್ಕೆ, ಅಗಲಿಕೆಯ ನೋವು ಮಗುವಿಗೆ. ಅದರ ಮೇಲೆ ಮಕ್ಕಳ ಹರಿದ ಅಂಗಿಯ ಭಾವಚಿತ್ರ ತೆಗೆದು, ಊರಿಗೆ ಮರಳಿ ಚಂದಾ ಎತ್ತಲು ಬಳಸಿದರೆ ಅದು ಅಪಮಾನವೂ ಆಗುತ್ತದೆ.

ಹಾಗಾದರೆ ಅಲ್ಲಿ ಕ್ರೈಸ್ತರಿಗೆ ಸ್ಥಾನವೇ ಇಲ್ಲವೆಂದು ಭಾವಿಸುವುದು ತಪ್ಪು. ಮೂಲನಿವಾಸಿಗಳಲ್ಲೇ ಕ್ರೈಸ್ತರು ಬಹಳ ಮಂದಿ. ಲಕೋಟಾ ಜನರ ಹೆಸರಾಂತ ಧರ್ಮಪುರುಷ ಬ್ಲ್ಯಾಕ್ ಎಲ್ಕ್ ಕೆಥೋಲಿಕ್ ಧರ್ಮೋಪದೇಶಕನೂ ಆಗಿದ್ದ. 1888ರಲ್ಲಿ ಪೈನ್ ರಿಜ್‌ನಲ್ಲಿ ಜೆಸ್ವಿಟರು ಶಾಲೆ ತೆರೆದದ್ದು ಆ ಜನರ ನಾಯಕ ರೆಡ್ ಕ್ಲೌಡ್‌ನ ಬಯಕೆಯಂತೆಯೇ. ಅಲ್ಲೂ ಹಳೆಯ ವಸತಿ ಶಾಲೆಯ ಕಹಿನೆನಪುಗಳಿವೆ. ಆದರೆ ಆ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ತನ್ನ ಗತಕಾಲದ ವಿಚಾರಣೆಗೆ ತಾನೇ ಮುಂದಾಯಿತು, ಲಕೋಟಾ ಭಾಷೆಯಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳತೊಡಗಿತು. ಒಮ್ಮೆ ಯಾವ ಮಾತಿಗೆ ಪೆಟ್ಟು ಬೀಳುತ್ತಿತ್ತೋ ಅದೇ ಮಾತು ಇಂದು ತರಗತಿಯ ಮಾತಾಗಿದೆ.

ನಮ್ಮ ಕರಾವಳಿಗೂ ಮಿಶನರಿಗಳು ಬಂದವರೇ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಉದ್ದೇಶ ಮತಪ್ರಚಾರವೇ ಆಗಿತ್ತು. ಅದರ ಬಗ್ಗೆ ಆಕ್ಷೇಪಗಳೂ ಇದ್ದವು. ಆದರೂ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಮತ್ತು 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದ ಕಿಟ್ಟೆಲ್ ಇವರ ಹೆಸರನ್ನು ಕನ್ನಡಿಗರು ಇಂದಿಗೂ ಗೌರವದಿಂದ ಹೇಳುತ್ತಾರೆ. ಅವರು ಜನರ ಮಾತನ್ನು ಅಳಿಸಲಿಲ್ಲ, ಕಲಿತರು. ಎರಡು ಕಡೆಯ ಪರಿಸ್ಥಿತಿ ಒಂದೇ ಅಲ್ಲ. ನಮ್ಮ ಮಕ್ಕಳನ್ನು ಸೈನ್ಯದ ಬಲದಿಂದ ಒಯ್ದವರಿರಲಿಲ್ಲ. ಆದರೂ ಮಗುವಿನ ಮಾತು ತಿಳಿಯದ ಗುರು ಮಗುವಿನಿಂದ ಎಷ್ಟು ದೂರ ನಿಲ್ಲುತ್ತಾನೆಂಬುದನ್ನು ಅಲ್ಪಸಂಖ್ಯಾತರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮಕ್ಕಳ ವಿಶ್ವಾಸ ಗಳಿಸಲು ಬಯಸುವ ಯುವ ಸೇವಕರು ಮಾಡಬೇಕಾದುದು ಕಠಿಣವಾದರೂ ಸ್ಪಷ್ಟ. ವಾರದ ಬದಲು ವರ್ಷಗಟ್ಟಲೆ ಅಲ್ಲಿರಬೇಕು. ಆಡಿದ ಚಿಕ್ಕ ಮಾತನ್ನೂ ನಡೆಸಬೇಕು. ಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯಕ್ಕೂ ಹೋಗಬೇಕು, ಊರಿನ ಸಾವಿನ ಮನೆಗೂ ಹೋಗಬೇಕು. ಹಿರಿಯರ ಒಪ್ಪಿಗೆಯಿಲ್ಲದೆ ಮಗುವಿಗೆ ಧರ್ಮಬೋಧೆ ಮಾಡಬಾರದು. ಒಂಟಿ ಮಗುವಿನೊಡನೆ ಮುಚ್ಚಿದ ಬಾಗಿಲ ಹಿಂದೆ ಯಾರೂ ಇರಬಾರದು. ಮಂಡಳಿಯು ನೋಂದಣಿ ಕೇಳಿದರೆ, ಅದನ್ನು ಧರ್ಮಸ್ವಾತಂತ್ರ್ಯದ ಮೇಲಿನ ದಾಳಿಯೆನ್ನದೆ ಮನೆಯ ಯಜಮಾನ ಅತಿಥಿಯ ಹೆಸರು ಕೇಳಿದಂತೆ ತಿಳಿಯಬೇಕು.

ಮಂಡಳಿಗೂ ಒಂದು ಹೊಣೆಯಿದೆ. ನೋಂದಣಿಯ ನಿಯಮ ಎಲ್ಲ ಪಂಗಡಗಳಿಗೂ ಸಮಾನವಾಗಿರಬೇಕು. ತಲೆಮಾರುಗಳಿಂದ ಕ್ರೈಸ್ತರಾಗಿರುವ ತನ್ನದೇ ಜನರ ಆರಾಧನೆಗೆ ಅದರಿಂದ ಅಡ್ಡಿಯಾಗಬಾರದು. ಪೈನ್ ರಿಜ್‌ನ ಜನ ಕೇಳಿರುವುದು ನ್ಯಾಯವಾದ ಮಾತು: ನಮ್ಮ ಮಕ್ಕಳ ಬಳಿಗೆ ಬರುವವರು ಮೊದಲು ನಮ್ಮೊಡನೆ ಮಾತನಾಡಲಿ. ಈ ಮಾತನ್ನು ಒಪ್ಪದ ಸೇವೆಯನ್ನು ಸೇವೆಯೆಂದು ಕರೆಯಲು ನಾವು ಸಿದ್ಧರಿಲ್ಲ.