ಡ್ಯೂಟಿ ಮುಗಿದ ಮೇಲೆ - 17: ರಿಮೋಟ್ ಅಮ್ಮನ ಕೈಗೆ ಕೊಡಿ

ಹೋದ ವಾರ ಊರಿನ ಗ್ರೂಪಿನಲ್ಲಿ ಒಂದು ಉದ್ದದ ಫಾರ್ವರ್ಡ್ ಬಂತು. ಧಾರಾವಾಹಿಗಳಿಂದ ನಮ್ಮ ಸಂಸ್ಕೃತಿ ಹಾಳಾಗಿದೆ, ಹೆಂಗಸರು ಸಂಜೆ ದೀಪ ಹಚ್ಚೋದನ್ನೇ ಮರೆತಿದ್ದಾರೆ, ಇವನ್ನೆಲ್ಲ ಬ್ಯಾನ್ ಮಾಡಬೇಕು ಅಂತ. ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು. ಹಾಕಿದವರೆಲ್ಲ ಗಂಡಸರೇ. ಗ್ರೂಪಿನಲ್ಲಿ ಉತ್ತರ ಕೊಟ್ಟರೆ ಜಗಳ ಆಗುತ್ತೆ ಅಂತ ಇಲ್ಲಿ ಬರೀತಿದೀನಿ. ಇಲ್ಲೂ ಜಗಳ ಆದರೆ ಆಗಲಿ.

ನನ್ನ ತಕರಾರು ಇಷ್ಟೇ. ಸಂಜೆ ಏಳರಿಂದ ಒಂಬತ್ತರವರೆಗೆ ಅಮ್ಮ ನೋಡೋ ಧಾರಾವಾಹಿ ಸಂಸ್ಕೃತಿಗೆ ಅಪಾಯ. ಒಂಬತ್ತಾದ ಮೇಲೆ ಅಪ್ಪ ನೋಡೋ ನ್ಯೂಸ್ ಚಾನೆಲ್ ಕಿರುಚಾಟ ಮಾತ್ರ "ತಿಳುವಳಿಕೆ". ಈ ಲೆಕ್ಕ ಬರೆದವರು ಯಾರು ಸ್ವಾಮಿ?

ನಾನಿರೋ ಈ ದೇಶ ಟಿವಿ ವಿಷಯದಲ್ಲಿ ಅನುಭವಿಸಿದಷ್ಟು ನಾವು ಅನುಭವಿಸಿಲ್ಲ. ಸೌದಿಯಲ್ಲಿ ಟಿವಿ ಶುರುವಾಗಿದ್ದು 1965ರಲ್ಲಿ, ದೊರೆ ಫೈಸಲ್ ಕಾಲದಲ್ಲಿ. ಅದು ಧರ್ಮಕ್ಕೆ ವಿರುದ್ಧ ಅಂತ ರಾಜಮನೆತನದ ಹುಡುಗನೊಬ್ಬನೇ ಗುಂಪು ಕಟ್ಟಿಕೊಂಡು ಪ್ರತಿಭಟನೆಗೆ ಇಳಿದು ಪೊಲೀಸರ ಗುಂಡಿಗೆ ಸತ್ತ. ಹತ್ತು ವರ್ಷದ ಮೇಲೆ, 1975ರ ಮಾರ್ಚ್‌ನಲ್ಲಿ, ಅವನ ತಮ್ಮನೇ ದೊರೆಯನ್ನು ಗುಂಡಿಟ್ಟು ಕೊಂದ. ಆದರೂ ಟಿವಿ ನಿಲ್ಲಲಿಲ್ಲ.

ಆಮೇಲೆ 2008ರಲ್ಲಿ "ನೂರ್" ಬಂತು. ಟರ್ಕಿಯ ಧಾರಾವಾಹಿ, ಸಿರಿಯಾದ ಆಡುಮಾತಿಗೆ ಡಬ್ ಆಗಿ ಎಂಬಿಸಿಯಲ್ಲಿ ಬಂದಿದ್ದು. ಅರಬ್ ದೇಶಗಳಲ್ಲಿ ಎಂಟೂವರೆ ಕೋಟಿ ಜನ ಕೊನೆಯ ಕಂತು ನೋಡಿದರು ಅಂತ ಚಾನೆಲ್ ಹೇಳಿಕೊಂಡಿತು. ಇಲ್ಲಿನ ಮುಖ್ಯ ಧರ್ಮಗುರು ನೋಡಬೇಡಿ ಅಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಬ್ಬ ಹಿರಿಯ ನ್ಯಾಯಾಧೀಶರು, ಅಶ್ಲೀಲ ಕಾರ್ಯಕ್ರಮ ಹಾಕೋ ಚಾನೆಲ್ ಮಾಲೀಕರಿಗೆ ಮರಣದಂಡನೆ ಕೊಟ್ಟರೂ ತಪ್ಪಿಲ್ಲ ಅನ್ನೋವರೆಗೆ ಹೋದರು. ಮುಂದಿನ ವರ್ಷ ಹೋಗಿದ್ದು ಅವರ ಕುರ್ಚಿ.

ಅಷ್ಟು ಸಿಟ್ಟು ಬರಿಸುವಂಥದ್ದು ಅದರಲ್ಲಿ ಏನಿತ್ತು? ಮದ್ಯದ ಗ್ಲಾಸು, ಮದುವೆಗೆ ಮುಂಚಿನ ಪ್ರೀತಿ ಎಲ್ಲ ಇತ್ತು, ಒಪ್ಪೋಣ. ಆದರೆ ಆಗಿನದನ್ನು ಕಂಡಿರೋ ನನ್ನ ಸೌದಿ ಸಹೋದ್ಯೋಗಿ ಹೇಳೋದು ಬೇರೆ. ಕಥೆಯ ಗಂಡ ಮುಹನ್ನದ್ ಹೆಂಡತಿಯ ಕೆಲಸಕ್ಕೆ ಗೌರವ ಕೊಡ್ತಿದ್ದ, ಅವಳ ಜೊತೆ ಮೆತ್ತಗೆ ಮಾತಾಡ್ತಿದ್ದ. "ನೀವ್ಯಾಕೆ ಹಾಗಿಲ್ಲ?" ಅಂತ ಮನೆಮನೆಯಲ್ಲಿ ಹೆಂಗಸರು ಕೇಳೋಕೆ ಶುರು ಮಾಡಿದ್ರಂತೆ. ಚುಚ್ಚಿದ್ದು ಅದು.

ಈಗ ನಮ್ಮ ಕಡೆ ಬನ್ನಿ. "ಪುಟ್ಟಕ್ಕನ ಮಕ್ಕಳು" ಅಷ್ಟು ಜನ ಯಾಕೆ ನೋಡಿದರು? ಗಂಡ ಬಿಟ್ಟು ಹೋದ ಹೆಂಗಸೊಬ್ಬಳು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕೋ ಕಥೆ. ಅಂಥ ಪುಟ್ಟಕ್ಕಂದಿರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು. 1987ರಲ್ಲಿ ಶಂಕರ್‌ನಾಗ್ ನಮ್ಮ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ಇಡೀ ದೇಶಕ್ಕೆ ತೋರಿಸಿದರು. ಅದೂ ಧಾರಾವಾಹಿಯೇ. ಟಿ.ಎನ್. ಸೀತಾರಾಮ್ "ಮಾಯಾಮೃಗ"ದಿಂದ ಹಿಡಿದು "ಮುಕ್ತ"ದವರೆಗೆ ಕೋರ್ಟು, ಕಾನೂನು, ರಾಜಕೀಯವನ್ನೆಲ್ಲ ನಮ್ಮ ಅಡುಗೆಮನೆಗೆ ತಂದರು. ಅದೂ ಧಾರಾವಾಹಿಯೇ.

ಧಾರಾವಾಹಿ ಎಲ್ಲ ಚಿನ್ನ ಅಂತ ನಾನು ಹೇಳಲ್ಲ. ನರ್ಸ್ ಆಗಿ ನನಗೇ ಮೈ ಉರಿಯೋದು ಅವುಗಳ ಆಸ್ಪತ್ರೆ ನೋಡಿದಾಗ. ಮಾನಿಟರ್‌ನಲ್ಲಿ ಗೆರೆ ನೇರ ಆದ ಕೂಡಲೇ ಎದೆಗೆ ಶಾಕ್ ಕೊಟ್ಟು ಬದುಕಿಸ್ತಾರೆ. ಗೆರೆ ಪೂರ್ತಿ ನೇರ ಆದ ಮೇಲೆ ಶಾಕ್ ಕೆಲಸ ಮಾಡಲ್ಲ. ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ, ಜೊತೆಗೆ ಔಷಧ. ಮನೆಯಲ್ಲಿ ಯಾರಾದರೂ ಕುಸಿದು ಬಿದ್ದು ಉಸಿರು ನಿಂತರೆ 108ಕ್ಕೆ ಫೋನ್ ಮಾಡಿ, ತಕ್ಷಣ ಒತ್ತೋಕೆ ಶುರು ಮಾಡಿ. ಡಾಕ್ಟರ್ ಬಂದು ಹಿನ್ನೆಲೆ ಸಂಗೀತ ಶುರುವಾಗೋವರೆಗೆ ಕಾಯಬೇಡಿ.

ಆದರೆ ಒಂದು ವ್ಯತ್ಯಾಸ ಇದೆ. ಧಾರಾವಾಹಿ ಶುರುವಾಗೋ ಮುಂಚೆ "ಪಾತ್ರಗಳು ಕಾಲ್ಪನಿಕ" ಅಂತ ಒಂದು ಸಾಲು ಬರುತ್ತೆ. ವಿಷ ಹಾಕೋ ಅತ್ತೆ ಶೂಟಿಂಗ್ ಮುಗಿಸಿ ಮನೆಗೆ ಹೋಗಿ ಊಟ ಮಾಡ್ತಾಳೆ ಅಂತ ನಮ್ಮಮ್ಮನಿಗೆ ಗೊತ್ತು. ಹಾವು ಹೆಣ್ಣಾಗಿ ಸೇಡು ತೀರಿಸಿಕೊಳ್ಳೋದನ್ನು ನೋಡಿಯೂ ಅವರು ತೋಟದಲ್ಲಿ ಹಾವು ಕಂಡರೆ ಹಾವು ಹಿಡಿಯುವವರನ್ನೇ ಕರೀತಾರೆ. ನ್ಯೂಸ್ ಚಾನೆಲ್‌ಗೆ ಆ ಸಾಲು ಎಲ್ಲಿದೆ?

2020ರ ಏಪ್ರಿಲ್ ನೆನಪಿದೆಯಾ? ನಾವಿಲ್ಲಿ ಮಾಸ್ಕು, ಗೌನು ಹಾಕಿಕೊಂಡು ಬೆವರಲ್ಲಿ ನೆನೀತಿದ್ವಿ. ನನ್ನ ಜೊತೆ ಆ ವಾರ್ಡಿನಲ್ಲಿ ನಿಂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಸ್ಲಿಮರು. ಅದೇ ಹೊತ್ತಿಗೆ ಊರಿನ ಗ್ರೂಪಿನಲ್ಲಿ "ಟಿವಿಯಲ್ಲೇ ತೋರಿಸ್ತಿದಾರೆ" ಅಂತ ಬರೆದು, ಇಪ್ಪತ್ತು ವರ್ಷದಿಂದ ನಮ್ಮ ಬೀದಿಗೆ ಮೀನು ತರ್ತಿದ್ದವರನ್ನು ಒಳಗೆ ಬಿಡಬೇಡಿ ಅಂದರು. ಯಾವ ಚಾನೆಲ್ ನೋಡಿ ಬರೆದರೋ, ನನಗೆ ಬೇಡ. ನಮ್ಮಮ್ಮ ಮಾತ್ರ ಗೇಟಿಗೆ ಹೋಗಿ ಮೀನು ತಗೊಂಡರು. ಧಾರಾವಾಹಿ ನೋಡಿ "ಹಾಳಾದ" ಹೆಂಗಸು ಅವರು.

ಇದು ನನ್ನೊಬ್ಬಳ ಸಿಟ್ಟಲ್ಲ, ದಾಖಲೆ ಇದೆ. ಆ ದಿನಗಳ ತಬ್ಲಿಘಿ ಕಾರ್ಯಕ್ರಮಗಳಿಗಾಗಿ ಸುದ್ದಿ ವಾಹಿನಿಗಳದ್ದೇ ಸ್ವಯಂ ನಿಯಂತ್ರಣ ಸಂಸ್ಥೆ ಎನ್‌ಬಿಎಸ್‌ಎ 2021ರ ಜೂನ್‌ನಲ್ಲಿ ನ್ಯೂಸ್18 ಕನ್ನಡಕ್ಕೆ 1 ಲಕ್ಷ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಹದಿನಾಲ್ಕು ತಿಂಗಳ ಮೇಲೆ! ಇಂಥ ದಂಡ ಚಾನೆಲ್‌ಗಳಿಗೆ ಯಾವ ಲೆಕ್ಕ ಅನ್ನೋ ಧಾಟಿಯಲ್ಲಿ 2023ರಲ್ಲಿ ಸುಪ್ರೀಂ ಕೋರ್ಟೇ ಕೇಳಿತು. ಆ ದಂಡದ ಸುದ್ದಿಯನ್ನು ಗ್ರೂಪಿನಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ರಾ? ನಾನು ಹುಡುಕಿದೆ, ಒಂದೂ ಸಿಗಲಿಲ್ಲ.

"ಹಾಗಾದರೆ ಸುದ್ದಿ ಬೇಡ್ವಾ?" ಅಂತ ಮಾವ ಕೇಳ್ತಾರೆ, ಗೊತ್ತು. ಬೇಕು ಮಾವ. ಬೆಳಿಗ್ಗೆ ಪೇಪರ್ ಓದಿ, ಆಕಾಶವಾಣಿ ವಾರ್ತೆ ಕೇಳಿ. ಆರು ಜನ ಒಟ್ಟಿಗೆ ಕಿರುಚೋದು ಸುದ್ದಿ ಅಲ್ಲ. ಅದೂ ಧಾರಾವಾಹಿಯೇ, ಖಳನಾಯಕ ಮಾತ್ರ ನಿಜವಾದ ನೆರೆಮನೆಯವನು.

ಬ್ಯಾನ್ ಮಾಡಿ ಅಂತ ನಾನು ಯಾವುದನ್ನೂ ಕೇಳಲ್ಲ. ಇಲ್ಲಿ ದಶಕಗಟ್ಟಲೆ ಸಿನಿಮಾ ಥಿಯೇಟರೇ ಇರಲಿಲ್ಲ, 2018ರಲ್ಲಿ ಮತ್ತೆ ತೆರೆದರು. ಅಷ್ಟು ವರ್ಷ ಜನ ನೋಡದೇ ಇದ್ರಾ? ಮನೆಯೊಳಗೆ ಡಿಶ್ ಹಾಕಿಕೊಂಡು ನೋಡಿದರು. ನಾನು ಕೇಳೋದು ಎರಡೇ. ಚಾನೆಲ್‌ನಲ್ಲಿ ಯಾವುದಾದರೂ ಸಮುದಾಯಕ್ಕೆ ಬೆಂಕಿ ಹಚ್ಚೋ ಮಾತು ಕೇಳಿದರೆ ದಿನಾಂಕ, ಸಮಯ ಬರೆದಿಟ್ಟು ಏಳು ದಿನದೊಳಗೆ ಆ ಚಾನೆಲ್‌ಗೇ ದೂರು ಕಳಿಸಿ, ಉತ್ತರ ಬರದಿದ್ದರೆ ಮೇಲಿನ ಸಂಸ್ಥೆಗೆ ಹೋಗಿ. ಬರೆಯೋಕೆ ಕಷ್ಟ ಆದರೆ ನನಗೆ ಹೇಳಿ, ರಜೆ ದಿನ ಕೂತು ಬರೆದು ಕೊಡ್ತೀನಿ.

ಎರಡನೆಯದು, ಒಂಬತ್ತು ಗಂಟೆಗೆ ಅಮ್ಮನ ಕೈಯಿಂದ ರಿಮೋಟ್ ಕಿತ್ಕೋಬೇಡಿ. ದಿನವಿಡೀ ನಿಂತು ದುಡಿದವರು ಅರ್ಧ ಗಂಟೆ ಕೂತು ಯಾರದೋ ಕಷ್ಟಕ್ಕೆ ಕಣ್ಣೀರು ಹಾಕಿದರೆ ಸಂಸ್ಕೃತಿ ಹಾಳಾಗಲ್ಲ. ಇನ್ನು ಆ ಸಂಜೆ ದೀಪ. ನಿಮಗೂ ಕೈ ಇದೆಯಲ್ಲ, ನೀವೇ ಹಚ್ಚಿ.