ಅನುಭವಿಗೆ ಪದವಿ ಏಕೆ? ಯುಎಇಯ ಕನ್ನಡಿಗ ಪ್ರೋಗ್ರಾಮರ್‌ಗಳ ಮುಂದಿರುವ ಪ್ರಶ್ನೆ

ಹದಿನೈದು ವರ್ಷ ತಂತ್ರಾಂಶ ರಚಿಸಿದವರು ಗಣಕ ವಿಜ್ಞಾನದ ಪದವಿಗಾಗಿ ಮತ್ತೆ ವಿದ್ಯಾರ್ಥಿಗಳಾಗಬೇಕೆ? ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಯ ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಉಳಿದುದನ್ನು ಕೆಲಸದಲ್ಲೇ ಕಲಿತು ದುಬೈ ಸೇರಿದ ನನ್ನಂತಹವರಿಗೆ ಇದು ಜ್ಞಾನದ ಪ್ರಶ್ನೆ ಮಾತ್ರವಲ್ಲ, ವಾಸದ ಹಕ್ಕಿನ ಪ್ರಶ್ನೆಯೂ ಹೌದು.

ಯುಎಇಯ ಸಾಮಾನ್ಯ ಉದ್ಯೋಗ ವೀಸಾ ಉದ್ಯೋಗದಾತರನ್ನು ಅವಲಂಬಿಸಿದೆ. ಈ ಬಂಧವಿಲ್ಲದ ವೀಸಾಗಳ ವ್ಯಾಪ್ತಿಯನ್ನು 2022ರ ಸುಧಾರಣೆಗಳು ಹಿಗ್ಗಿಸಿದವು. ಪರಿಣತ ಉದ್ಯೋಗಿಗೆ ಐದು ವರ್ಷದ ಹಸಿರು ವೀಸಾ ಬೇಕಾದರೆ ತಿಂಗಳಿಗೆ 15,000 ದಿರ್ಹಮ್ ಸಂಬಳವಿರಬೇಕು. ಹತ್ತು ವರ್ಷದ ಗೋಲ್ಡನ್ ವೀಸಾಕ್ಕೆ 30,000. ಎರಡಕ್ಕೂ ಸ್ನಾತಕ ಪದವಿ ಅಥವಾ ತತ್ಸಮಾನ ಅರ್ಹತೆ ಬೇಕು. ಆದರೆ ಸ್ವತಂತ್ರ ವೃತ್ತಿಯವರ ಹಸಿರು ವೀಸಾಕ್ಕೆ ವಿಶೇಷ ಡಿಪ್ಲೊಮಾವೂ ಸಲ್ಲುತ್ತದೆ. ಎಂದರೆ, ಒಂದೇ ಕೌಶಲವನ್ನು ನಿಯಮಗಳು ಎರಡು ಬಗೆಯಲ್ಲಿ ಅಳೆಯುತ್ತವೆ. ಒಂದು ಲಕ್ಷ ಕೋಡರ್‌ಗಳಿಗೆ ಗೋಲ್ಡನ್ ವೀಸಾ ಕೊಡುವ ಗುರಿಯನ್ನು 2021ರಲ್ಲಿ ಸಾರಿದ ದೇಶದಲ್ಲಿಯೂ ಪ್ರಮಾಣಪತ್ರದ ತೂಕ ಕಡಿಮೆಯಾಗಿಲ್ಲ.

ಕಲಿಯುವ ಅವಕಾಶಗಳೇನೋ ಇವೆ. ಬಿಟ್ಸ್ ಪಿಲಾನಿ ಮತ್ತು ಮಣಿಪಾಲ ಸಂಸ್ಥೆಗಳು 2000ದಿಂದ ದುಬೈಯಲ್ಲಿವೆ. ಐಐಟಿ ದೆಹಲಿ 2024ರಲ್ಲಿ ಅಬುಧಾಬಿಯಲ್ಲಿ ಗಣಕ ವಿಜ್ಞಾನದ ಬಿ.ಟೆಕ್ ಆರಂಭಿಸಿತು. ಆದರೆ ಪೂರ್ಣಾವಧಿಯ ಬಿ.ಟೆಕ್, ಸಂಸಾರ ನಡೆಸುವವರಿಗೆ ಎಟುಕುವುದು ವಿರಳ. ಐಐಟಿ ಮದ್ರಾಸ್ 2020ರಲ್ಲಿ ತೆರೆದ ಆನ್‌ಲೈನ್ ಬಿ.ಎಸ್. ಶಿಕ್ಷಣಕ್ಕೆ ವಯೋಮಿತಿಯಿಲ್ಲ, ಆದರೆ ಅದರ ವಿಷಯ ದತ್ತಾಂಶ ವಿಜ್ಞಾನ.

ಭಾರತದ ಮಾನ್ಯತೆಯೊಂದೇ ಇಲ್ಲಿ ಸಾಲದೆಂಬುದನ್ನು ಮರೆಯಬಾರದು. ಅಲ್ಲಿನ ಪದವಿಗೆ ನಮ್ಮ ವಿದೇಶಾಂಗ ಸಚಿವಾಲಯ, ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಬಳಿಕ ಇಲ್ಲಿನ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕು. ಪದವಿಯ ಮಾನ್ಯತೆ ಇಲ್ಲಿನ ಉನ್ನತ ಶಿಕ್ಷಣ ಸಚಿವಾಲಯಕ್ಕೆ ಸೇರಿದ ಬೇರೆಯದೇ ವಿಚಾರ. ಆದುದರಿಂದ ಶುಲ್ಕ ಕಟ್ಟುವ ಮುನ್ನವೇ, ಆ ಅಧ್ಯಯನ ಕ್ರಮಕ್ಕೆ ಮಾನ್ಯತೆ ದೊರೆಯುವುದೇ ಎಂದು ವಿಚಾರಿಸುವುದು ಲೇಸು.

ಇನ್ನು ಜ್ಞಾನದ ಲಾಭ. ಡೇಟಾಬೇಸಿನ ಸೂಚಿಯನ್ನು ಬಳಸಲು ಕೆಲಸವೇ ಕಲಿಸುತ್ತದೆ. ದಾಖಲೆಗಳು ಸಾವಿರ ಪಟ್ಟಾದರೂ ಹುಡುಕಾಟದ ಹೆಜ್ಜೆಗಳು ಕೆಲವೇ ಹೆಚ್ಚುವುದೇಕೆಂಬುದನ್ನು ಶಾಸ್ತ್ರ ತಿಳಿಸುತ್ತದೆ. ಯಂತ್ರವೇ ಕೋಡ್ ಬರೆಯುವ ಈ ಕಾಲದಲ್ಲಿ ಸರಿತಪ್ಪನ್ನು ತೂಗಬಲ್ಲ ಆ ತಿಳಿವಿನ ಬೆಲೆ ಹೆಚ್ಚಿದೆ. ಆದರೆ ಅದನ್ನು ಪದವಿಯಿಲ್ಲದೆಯೂ ಗಳಿಸಬಹುದು. ವೀಸಾದ ಅರ್ಹತೆಯನ್ನು ಹಾಗೆ ಗಳಿಸಲಾಗದು.

ಎರಡು ಮೂರು ವರ್ಷಗಳಲ್ಲಿ ಊರಿಗೆ ಮರಳುವವರಿಗೆ ಪುಸ್ತಕಗಳೇ ಸಾಕೆಂಬುದು ನನ್ನ ಅಭಿಪ್ರಾಯ. ಮಕ್ಕಳ ಶಾಲೆ ಮುಗಿಯುವವರೆಗೆ ಇಲ್ಲಿಯೇ ನೆಲೆಸಬಯಸುವವರಿಗಾದರೆ ಪದವಿಯ ಶ್ರಮ ಸಾರ್ಥಕ.