ಹಳೆಯ ಜಾವಾಕ್ಕೆ ಅಂಕ ಹಾಕುವ ಬಗೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಈಗ ಸ್ಪರ್ಧೆಗಾಗಿ ಸಿದ್ಧಪಡಿಸಿ ನಿಲ್ಲಿಸುವ ಅಲ್ಲಿನ ಹಳೆಯ ಜಾವಾ, ಯೆಜ್ಡಿ ಬೈಕುಗಳ ಅಸಲಿತನಕ್ಕೆ ಬಿಡಿಭಾಗಗಳೇ ಸಾಕ್ಷಿ. ಮೊದಲು ನೋಡಬೇಕಾದದ್ದು ಎಂಜಿನ್, ಚಾಸಿಗಳ ಮೇಲೆ ಒತ್ತಿದ ಸಂಖ್ಯೆ, ಬಳಿಕ ಕಾರ್ಬುರೇಟರ್, ಸ್ಪೀಡೋಮೀಟರ್, ಟ್ಯಾಂಕ್, ಬಣ್ಣ ಕೊನೆಗೆ. ಜೆಕೊಸ್ಲೊವಾಕಿಯಾದ ಭಾಗಗಳಿಂದ ಜೋಡಿಸಿದ ಆರಂಭದ ಗಾಡಿಗಳಿಗೂ, ಆಮೇಲೆ ಇಲ್ಲಿನ ಭಾಗಗಳಿಂದಲೇ ತಯಾರಾದವುಗಳಿಗೂ ಒಂದೇ ಅಳತೆ ಸಲ್ಲದು. ಆಯಾ ವರ್ಷದ ಭಾಗವೇ ಪ್ರಮಾಣ. ನಕಲಿ ಟ್ಯಾಂಕ್ ಎಷ್ಟು ಫಳಫಳಿಸಿದರೂ ನಕಲಿಯೇ: ಮೂಗೊಡೆದ ಹಳೇಬೀಡಿನ ಶಿಲ್ಪಕ್ಕೆ ಅಂಟಿಸಿದ ಸಿಮೆಂಟಿನ ಮೂಗು ಹೊಯ್ಸಳರದ್ದಾಗದು. ಟೈರು, ಬ್ರೇಕ್ ಲೈನರ್, ವೈರಿಂಗ್‌ಗಳಿಗೆ ಮಾತ್ರ ವಿನಾಯಿತಿ ಬೇಕು. ಅಲ್ಲಿರುವುದು ಸವಾರನ ಜೀವದ ಪ್ರಶ್ನೆ. ಉಳಿದೆಲ್ಲ ಕಡೆ, ಮಾಸಿದ್ದರೂ ಮೂಲ ಭಾಗಕ್ಕೇ ಹೆಚ್ಚಿನ ಅಂಕ ಸಲ್ಲಬೇಕು.